ಇಪ್ಪತ್ತೇಳನೇ ಡಬ್ಬದ ಅನಾಮಧೇಯ

ಊರಿಗೆಲ್ಲ ಗೊತ್ತಿರುವ ಸಂಗತಿಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೇ ಹೇಳಿಕೊಳ್ಳದಿದ್ದರೆ ಇನ್ನಾರು ಹೇಳಿಯಾರು? ಗುಂಡ್ಲುಪೇಟೆಯಲ್ಲಿ ಯಾವುದಾದರೂ ಗಿಡದ ಹೆಸರು ತಿಳಿಯಬೇಕಾದರೆ ಜನ ಹಿದಾಯತ್ ಉಲ್ಲಾ ಮೇಷ್ಟ್ರ ಮನೆಗೆ ಬರುತ್ತಾರೆ. ಆ ಮೇಷ್ಟ್ರು ನಾನೇ. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಆ ಮೂವತ್ತಮೂರು ವರ್ಷಗಳಲ್ಲಿ ತರಗತಿಯ ಮುಂದೆ ನಿಂತು ‘ಗೊತ್ತಿಲ್ಲ’ ಎಂಬ ಮಾತನ್ನು ಒಂದು ಸಲವೂ ಆಡಿದವನಲ್ಲ. (ಗೊತ್ತಿಲ್ಲದ್ದು ಎದುರಾದರೆ, “ಬಹಳ ಒಳ್ಳೆಯ ಪ್ರಶ್ನೆ. ಎಲ್ಲರೂ ನಾಳೆ ಇದನ್ನು ಬರೆದುಕೊಂಡು ಬನ್ನಿ” ಎನ್ನುತ್ತಿದ್ದೆ. ಮಾರನೆಯ ದಿನ ನಲವತ್ತು ಮಕ್ಕಳಲ್ಲಿ ಒಬ್ಬರಾದರೂ ನನಗೆ ಉತ್ತರ ಹೇಳಿಕೊಡುತ್ತಿದ್ದರು.)

ಇಂತಹ ನನ್ನನ್ನು ಮೀನಿನ ಡಬ್ಬದಲ್ಲಿ ಹುಟ್ಟಿದ ಒಂದು ಗೇಣುದ್ದದ ಗಿಡ ಫೇಲು ಮಾಡಿತು. ಹೇಗೆಂದು ಹೇಳುತ್ತೇನೆ, ಕೇಳಿ.

ನಿವೃತ್ತಿಯಾದ ಗಂಡಸಿಗೆ ಆಳಲು ಒಂದು ರಾಜ್ಯ ಬೇಕು. ನಮ್ಮ ಮನೆಯ ಕೆಳಗಿನ ಭಾಗ ನನ್ನ ಹೆಂಡತಿ ಕುಲ್ಸುಂ ಬಿಯ ಸಾಮ್ರಾಜ್ಯ. ಅಲ್ಲಿ ನನಗೊಂದು ಕುರ್ಚಿ ಮಂಜೂರಾಗಿದೆಯಾದರೂ ನೆಲ ಒರೆಸುವ ಹೊತ್ತಿನಲ್ಲಿ ಆ ಮಂಜೂರಾತಿ ರದ್ದಾಗುತ್ತದೆ. ಹೀಗಾಗಿ ನಾನು ಮೆಟ್ಟಿಲು ಹತ್ತಿ ತಾರಸಿಯನ್ನು ಗೆದ್ದುಕೊಂಡೆ. ಹಳೆಯ ಬಣ್ಣದ ಬಕೆಟ್ಟುಗಳು, ಎಣ್ಣೆ ಡಬ್ಬಗಳು, ಹಿಡಿ ಮುರಿದ ಕುಕ್ಕರು, ಲಾರಿಯ ಟೈರು, ಕೇರಳದಿಂದ ಮೀನು ತುಂಬಿಕೊಂಡು ಬರುವ ಬಿಳಿಯ ಥರ್ಮೋಕೋಲ್ ಡಬ್ಬಗಳು, ಹೀಗೆ ಮೂವತ್ತಾರು ಪಾತ್ರೆಗಳನ್ನು ಕೂಡಿಹಾಕಿದೆ. (ಮೊದಲು ಮಂಡಿಯಿಂದ ತಂದ ಈರುಳ್ಳಿ ಚೀಲಗಳಿಗೆ ಮಣ್ಣು ತುಂಬಿದ್ದೆ. ಅದು ಚೀಲವಲ್ಲ, ಜರಡಿ ಎಂಬುದು ತುಂಬಿ ಎತ್ತಿದ ಮೇಲೆ ತಿಳಿಯಿತು. ಆ ಮಣ್ಣನ್ನು ಮೆಟ್ಟಿಲಿನಿಂದ ಗುಡಿಸಿದವರು ಯಾರು ಎಂಬುದು ಇಲ್ಲಿ ಅಪ್ರಸ್ತುತ.) ಮಣ್ಣು ಮಾತ್ರ ಪ್ರಥಮ ದರ್ಜೆಯದು, ಕುಲ್ಸುಂಳ ತವರೂರಾದ ಕುದೇರಿನಿಂದ ಅವಳ ತಮ್ಮ ಮುಷರಫ್ ಗೂಡ್ಸ್ ಆಟೋದಲ್ಲಿ ಹೇರಿ ಕಳುಹಿಸಿದ ಹೊಲದ ಮಣ್ಣು.

ನಾನು ಬದನೆ, ಟೊಮೇಟೊ, ಪುದೀನ, ಕೊತ್ತಂಬರಿ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಬಿತ್ತಿದೆ. ಮುಂಗಾರಿನ ಎರಡು ಮಳೆ ಬಿದ್ದವು. ಬಿತ್ತಿದ್ದು ಬರುವುದಕ್ಕೆ ಮೊದಲೇ ಬಿತ್ತದೇ ಇದ್ದದ್ದು ಬಂದಿತು. ಡಬ್ಬಕ್ಕೆ ನಾಲ್ಕೈದು ಬಗೆಯ ಕಳೆ!

ಬೇರೆಯವರಾಗಿದ್ದರೆ ಕಿತ್ತು ಎಸೆಯುತ್ತಿದ್ದರು. ನಾನು ಮೇಷ್ಟ್ರು. ಕರೆಯದೆ ಶಾಲೆಗೆ ಬಂದ ಮಗುವನ್ನು ಹೆಸರು ಕೇಳದೆ ಹೊರಗೆ ಅಟ್ಟುವುದುಂಟೆ? ಪೇಟೆಗೆ ಹೋಗಿ ಉದ್ದನೆಯ ರಿಜಿಸ್ಟರೊಂದನ್ನು ತಂದೆ. ಡಬ್ಬಗಳಿಗೆಲ್ಲ ಅಂಕಿ ಬರೆದೆ. ರಿಜಿಸ್ಟರಿನಲ್ಲಿ ಗೀಟು ಹಾಕಿ ದಾಖಲಾದ ದಿನ, ಹೆಸರು, ಕುಟುಂಬ, ಗುರುತಿನ ಚಿಹ್ನೆ, ನಡತೆ ಎಂಬ ಕಾಲಂಗಳನ್ನು ಮಾಡಿದೆ. ಉತ್ತರಾಣಿಯ ನಡತೆ: ‘ಬಂದವರ ಬಟ್ಟೆ ಹಿಡಿಯುತ್ತದೆ.’ ಮುಟ್ಟಿದರೆ ಮುನಿಯ ನಡತೆ: ‘ಸಂಕೋಚ ಸ್ವಭಾವ, ಉತ್ತೇಜನ ಅಗತ್ಯ.’ ಗರಿಕೆ: ‘ಗೆಳೆಯರು ಹೆಚ್ಚು.’ ಹೆಸರು, ಕುಟುಂಬ ಪತ್ತೆಯಾಗಿ ದಾಖಲಾತಿ ಮುಗಿದ ಮೇಲೆಯೇ ಟಿ.ಸಿ. ಬರೆದು, ಆ ಕಳೆಯನ್ನು ಗೌರವದಿಂದ ಕಿತ್ತು ಬುಟ್ಟಿಗೆ ಹಾಕುವುದು. ಅಲ್ಲಿಯವರೆಗೆ ಯಾರೂ ಮುಟ್ಟಕೂಡದು.

ಈ ಉನ್ನತ ಪದ್ಧತಿಯನ್ನು ಮನೆಯಲ್ಲಿ ಯಾರೂ ಮೆಚ್ಚಲಿಲ್ಲ. ನಮ್ಮ ಮನೆಯ ಮಾತು ಉರ್ದು. ಕುಲ್ಸುಂಳ ಉರ್ದು ಗುಲ್ಕನ್ನಿನಂತೆ ಮೃದು. ಆದರೆ ಜಗಳ ಬಿಸಿಯೇರಿದರೆ ಅವಳು ಕುದೇರಿನ ಕನ್ನಡಕ್ಕೆ ಇಳಿಯುತ್ತಾಳೆ. ಆ ಕನ್ನಡಕ್ಕೆ ಹಲ್ಲುಂಟು.

“ಅಜೀ, ಮೂವತ್ತಾರು ಡಬ್ಬ ಮಡಿಕ್ಕಂಡಿದ್ದೀರಲ್ಲ, ಚಟ್ನಿಗೆ ಒಂದು ಇಡಿ ಪುದೀನ ಸಿಕ್ಕದಾ?” ಎಂದು ಒಂದು ಬೆಳಿಗ್ಗೆ ಮೆಟ್ಟಿಲ ಬುಡದಿಂದ ಕೂಗಿದಳು.

“ಹದಿನಾಲ್ಕನೇ ಡಬ್ಬದಲ್ಲಿದೆಯಲ್ಲ!”

“ಅದ್ರಲ್ಲಿ ಪುದೀನ ಎಲ್ಲಿ ಅದೆ? ಜೇಕು ಬಂದು ಪುದೀನದ ಕತ್ತು ಇಸುಕ್ತಾ ಕೂತದೆ.”

“ಜೇಕಿನ ದಾಖಲಾತಿ ಇನ್ನೂ ಮುಗಿದಿಲ್ಲ ಕುಲ್ಸುಂ. ಮುಗಿದ ಕೂಡಲೇ ಟಿ.ಸಿ. ಕೊಟ್ಟು ಕಳುಹಿಸುತ್ತೇನೆ.”

“ಕಳೆಗೆ ಟೀಸಿ ಕೊಡೋ ಗಂಡಸ್ನ ನಮ್ಮೂರಲ್ಲಿ ಯಾರೂ ಕಂಡಿಲ್ಲ ಕಣ್ರೀ. ನಮ್ಮಲ್ಲಿ ಕುಡ್ಲು ಏಟು ಕೊಡ್ತಾರೆ!”

ಇಂತಹ ಟೀಕೆಗಳನ್ನು ನಾನು ಶಿಕ್ಷಣಾಧಿಕಾರಿಗಳ ತಪಾಸಣಾ ವರದಿಯಂತೆ ಸ್ವೀಕರಿಸುತ್ತೇನೆ. ಅಂದರೆ, ಓದಿ ಮಡಚಿ ಇಡುತ್ತೇನೆ. ಒಂದು ತಿಂಗಳೊಳಗೆ ತಾರಸಿಯ ಎಲ್ಲ ಅತಿಥಿಗಳೂ ರಿಜಿಸ್ಟರಿಗೆ ಏರಿದವು. ತುಂಬೆ, ನೆಲನೆಲ್ಲಿ, ಉತ್ತರಾಣಿ, ಜೇಕು ಎಲ್ಲವೂ ಹೂವೋ ಕಾಯೋ ತೋರಿಸಿದ ಕೂಡಲೇ ನನ್ನ ಕೈಗೆ ಸಿಕ್ಕಿಬಿದ್ದವು. ಹೆಮ್ಮೆಪಡದೆ ಇರಲಿ ಹೇಗೆ? ಸುಮ್ಮನೆ ಹೋಗುತ್ತಿದ್ದವರನ್ನೂ ಕರೆದು ಮೇಲಕ್ಕೆ ಹತ್ತಿಸಿ ತೋರಿಸುತ್ತಿದ್ದೆ. (ಹೀಗೆ ತೋರಿಸಲೆಂದೇ ಡಬ್ಬಕ್ಕೊಂದರಂತೆ ಕಳೆಯ ಟಿ.ಸಿ.ಯನ್ನು ತಡೆಹಿಡಿದಿದ್ದೆ.) ಹಿಂದಿನ ಬೀದಿಯ ಮಂಡಿನೋವಿನ ಗಂಗಾಧರಸ್ವಾಮಿಗಳು ಮಾತ್ರ ಈಗ ನಮ್ಮ ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ.

ಉಳಿದದ್ದು ಒಂದೇ ಒಂದು. ಇಪ್ಪತ್ತೇಳನೇ ಡಬ್ಬದ್ದು.

ಆ ಡಬ್ಬ ಮೀನಿನದು. ನಾನು ಅದರಲ್ಲಿ ಬದನೆ ಬಿತ್ತಿದ್ದೆ. ಬದನೆ ಬರಲಿಲ್ಲ, ಇದು ಬಂದಿತು. ನೆಟ್ಟಗಿನ ಕಾಂಡ, ಕಾಂಡದುದ್ದಕ್ಕೂ ಸಣ್ಣ ಗೀರು, ಬುಡದಲ್ಲಿ ತುಸು ಕೆಂಪು, ಈಟಿಯ ಮೊನೆಯಂತಹ ಎಲೆ. ಒಂದಲ್ಲ, ಏಳೆಂಟು ಸಸಿ. ಭೂತಗನ್ನಡಿ ಹಿಡಿದು ನೋಡಿದೆ. ಕನ್ನಡಕ ತೆಗೆದು ನೋಡಿದೆ. ಹಾಕಿಕೊಂಡು ನೋಡಿದೆ. ಎಲ್ಲೋ ಕಂಡ ಮುಖ. ಹೆಸರು ಮಾತ್ರ ನಾಲಿಗೆಗೆ ಬರಲೊಲ್ಲದು. ರಿಜಿಸ್ಟರಿನಲ್ಲಿ ‘ಹೆಸರು’ ಎಂಬ ಕಾಲಂನ ಕೆಳಗೆ ಪೆನ್ಸಿಲ್ಲಿನಿಂದ ‘ಅನಾಮಧೇಯ’ ಎಂದು ಬರೆದು ಕಾದೆ. ಹೂ ಬಿಡಲಿ! ಹೂವಿಲ್ಲದೆ ಗಿಡದ ಗುರುತಿಲ್ಲ. ಎಸಳೆಷ್ಟು, ಕೇಸರವೆಷ್ಟು ಎಂದು ಎಣಿಸಿದರೆ ಎಂತಹ ಅಜ್ಞಾತಕುಲಗೋತ್ರದ ಗಿಡವೂ ತನ್ನ ಜಾತಕವನ್ನು ತಾನೇ ಬಿಚ್ಚಿಡುತ್ತದೆ. ಇದನ್ನು ಮೂವತ್ತಮೂರು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ.

ಬಟ್ಟೆ ಒಣಹಾಕಲು ಬಂದ ಕುಲ್ಸುಂ ನನ್ನ ಭುಜದ ಮೇಲಿನಿಂದ ಇಣುಕಿದಳು.

“ಇದ್ಯಾಕೆ ಇಂಗೆ ನೋಡ್ತಾ ಕುಂತಿದ್ದೀರಿ? ಇದು...”

“ನಿಲ್ಲಿಸು!” ಎಂದು ಕೈ ಎತ್ತಿದೆ. “ಹೇಳಬೇಡ. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವರು ಹೇಳಿಕೊಟ್ಟರೆ ಅದು ನಕಲು. ನಾನು ನಕಲು ಹೊಡೆದು ಪಾಸಾದವನಲ್ಲ.”

“ಅಯ್ಯೋ, ಒಂದು ಮಾತು ಯೋಳ್ಬುಟ್ರೆ...”

“ಇದು ಶಾಸ್ತ್ರದ ವಿಷಯ. ನೀನು ಏಳನೇ ತರಗತಿಗೆ ಬಿಟ್ಟವಳು.”

ಈ ಕಡೆಯ ವಾಕ್ಯವನ್ನು ನಾನು ಆಡಬಾರದಾಗಿತ್ತು. ಕುಲ್ಸುಂ ಒದ್ದೆ ಟವೆಲನ್ನು ನಾಲ್ಕು ಸಲ ಫಟಫಟನೆ ಒದರಿದಳು. ಅದರ ನೀರೆಲ್ಲ ನನ್ನ ಕನ್ನಡಕದ ಮೇಲೆ ಬಿದ್ದಿತು.

“ಸರಿ ಬುಡಿ. ಇನ್ನು ಬಾಯೇ ಬುಡಕಿಲ್ಲ ನಾನು.”

ಅದೇ ವಾರ ಮಾದೇಶನ ಫೋನು ಬಂದಿತು. ಮಾದೇಶ ನನ್ನ ಹಳೆಯ ವಿದ್ಯಾರ್ಥಿ. ಮೂರನೇ ಬೆಂಚಿನಲ್ಲಿ ಕುಳಿತು ಪೆನ್ಸಿಲ್ ಕಡಿಯುತ್ತಿದ್ದ ಹುಡುಗ ಈಗ ಅದೇ ಶಾಲೆಯ ಮುಖ್ಯೋಪಾಧ್ಯಾಯ. (ಹೆಮ್ಮೆಯ ವಿಷಯವಲ್ಲವೆ? ಎಲ್ಲಿ ಬೇಕಾದರೂ ಹೇಳಿಕೊಳ್ಳುತ್ತೇನೆ.)

“ಸಾರ್, ಮಾದೇಶ ಸಾರ್. ನಿಮ್ಮ ತಾರಸಿ ತೋಟದ ಸುದ್ದಿ ಊರ್ಗೆಲ್ಲ ಗೊತ್ತಾಗದೆ. ಮುಂದಿನ ಸನಿವಾರ ಒಂಬತ್ತನೇ ಕ್ಲಾಸಿನ ಮಕ್ಳ ಕರ್ಕಂಡು ಬತ್ತೀನಿ ಸಾರ್. ಮೂವತ್ತೆಂಟು ಜನ. ಒಂದೇ ಮಾತು ಯೋಳಿವ್ನಿ ಅವ್ರಿಗೆ: ‘ಯಾವ ಡಬ್ಬದ ಮುಂದೆ ಬೇಕಾದ್ರೂ ನಿಂತ್ಕಂಡು ಕೇಳಿ, ನಮ್ಮ ಸಾರ್ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತೇ ಬರಾಕಿಲ್ಲ’ ಅಂತ.”

“ಬಾರಪ್ಪ, ಬಾ” ಎಂದೆ. ಫೋನು ಕೆಳಗಿಟ್ಟವನೇ ಮೆಟ್ಟಿಲು ಹತ್ತಿ ಇಪ್ಪತ್ತೇಳನೇ ಡಬ್ಬವನ್ನು ಇನ್ನೊಮ್ಮೆ ನೋಡಿ ಬಂದೆ.

ಕುಲ್ಸುಂ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೆಳ್ಳುಳ್ಳಿ ಬಿಡಿಸುತ್ತ, ಕತ್ತು ಎತ್ತದೆ, “ಒಂದು ಮಾತು ಆಡ್ಕೊಳ್ಳನ” ಎಂದಳು. “ಸನಿವಾರ ಮಕ್ಳ ಮುಂದೆ ಇಪ್ಪತ್ತೇಳ್ನೇದ್ರ ಯೆಸ್ರು ನೀವಾಗಿ ಯೋಳಿದ್ರೆ, ಮ್ಯಾಲಿನ ತಾರಸಿ ತಂಟೆಗೆ ನಾನು ಜಲ್ಮದಲ್ಲಿ ಬರಾಕಿಲ್ಲ. ಪುದೀನ ಪ್ಯಾಟೇಲಿ ತಕ್ಕತೀನಿ. ಯೋಳ್ದೆ ಓದ್ರೆ ಮೂವತ್ತಾರು ಡಬ್ಬಾನೂ ನಂದು. ನಾನು ಕೀಳು ಅಂದದ್ದ ಕೀಳೋದು, ಮಡಗು ಅಂದದ್ದ ಮಡಗೋದು.”

“ಒಪ್ಪಿದೆ” ಎಂದೆ. ಗಂಡಸಿನ ಬಾಯಿ ನೋಡಿ, ಎಷ್ಟು ಬೇಗ ಒಪ್ಪಿಬಿಡುತ್ತದೆ!

ಉಳಿದದ್ದು ಎಂಟು ದಿನ. ಎಂಟು ದಿನದಲ್ಲಿ ಹೂ ಬಿಡಿಸಬೇಕು. ಆಡಿನ ಗೊಬ್ಬರ ಹಾಕಿದೆ. ಬೆಲ್ಲದ ನೀರು ಹೊಯ್ದೆ. ಮೀನು ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಸೊಸೆ ಮೂಗು ಮುಚ್ಚಿಕೊಳ್ಳುತ್ತಿದ್ದಂತೆಯೇ, ನಡುಮನೆಯ ಮೂಲಕ ಮೆರವಣಿಗೆಯಲ್ಲಿ ಕೊಂಡೊಯ್ದು ಸುರಿದೆ. ಬೀದಿಯ ನಾಲ್ಕು ಬೆಕ್ಕುಗಳು ತಾರಸಿಗೆ ವಲಸೆ ಬಂದವು. ಅವುಗಳಿಂದ ಗಿಡವನ್ನು ಕಾಯಲು ಬಿಸಿಲಿನಲ್ಲಿ ಕೊಡೆ ಹಿಡಿದು ಕುಳಿತೆ. ಗಿಡಕ್ಕೆ ಖುಷಿಯಾಯಿತು. ಹೂವಿನ ಮಾತೇ ಎತ್ತದೆ ಸೊಂಪಾಗಿ, ಕೊಬ್ಬಿ, ಎಲೆಯ ಮೇಲೆ ಎಲೆ ಬಿಟ್ಟಿತು. ತಿನ್ನಲು ಹೆಚ್ಚು ಕೊಟ್ಟರೆ ಗಿಡ ಎಲೆ ಬಿಡುತ್ತದೆ, ಹೂವನ್ನು ಮುಂದೂಡುತ್ತದೆ ಎಂಬುದನ್ನು ನಾನೇ ಪಾಠ ಮಾಡಿದ್ದೆ. ಆತಂಕದಲ್ಲಿ ನನ್ನ ಪಾಠ ನನಗೇ ಮರೆತಿತ್ತು.

ಸೊಸೆ ಉಮ್ಮೆ ಹಬೀಬಾ ಕನಿಕರದಿಂದ, “ಅಬ್ಬಾಜಾನ್, ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್ ಇದೆ, ಹಾಕಿಕೊಡಲೇ?” ಎಂದಳು. ಯಂತ್ರವನ್ನು ಕೇಳುವುದು ನಕಲಲ್ಲ, ಪರಾಮರ್ಶನ ಎಂದು ಮನಸ್ಸಿಗೆ ಒಪ್ಪಿಸಿ ಹಾಕಿಸಿಕೊಂಡೆ. ಬೆಳಿಗ್ಗೆ ಫೋಟೋ ತೆಗೆದರೆ ಅದು ದಕ್ಷಿಣ ಅಮೆರಿಕದ ಯಾವುದೋ ಗಿಡದ ಹೆಸರನ್ನು ಹೇಳಿತು. ಮಧ್ಯಾಹ್ನ ಅದೇ ಗಿಡಕ್ಕೆ ಮೆಣಸಿನ ಸಸಿ ಎಂದಿತು. ಸಂಜೆ ನನ್ನ ಹೆಬ್ಬೆರಳೇ ಫೋಟೋದಲ್ಲಿ ಬಿದ್ದಿತು. ಆ್ಯಪ್ ಕ್ಷಣವೂ ಯೋಚಿಸದೆ ‘ಶುಂಠಿ’ ಎಂದಿತು. ಅದಕ್ಕೂ ‘ಗೊತ್ತಿಲ್ಲ’ ಎಂದು ಹೇಳುವ ಅಭ್ಯಾಸವಿರಲಿಲ್ಲ. ಆ ಒಂದು ಗುಣಕ್ಕಾಗಿ ಅದರ ಮೇಲೆ ನನಗೆ ಕೊಂಚ ವೃತ್ತಿಬಾಂಧವ್ಯ ಹುಟ್ಟಿತು.

ಗುರುವಾರ ನಾನು ಮಾಡಿದ ಕೆಲಸವನ್ನು ಮಕ್ಕಳು ಓದದಿರಲಿ. ಒಂದು ಎಲೆಯನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿಕೊಂಡು, ಬೀದಿಯ ತಿರುವಿನಲ್ಲಿ ಸೊಪ್ಪಿನ ಕರಿಯಮ್ಮನಿಗಾಗಿ ಕಾದು ನಿಂತೆ. ದಿನವೂ ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಬರುವ ಹೆಂಗಸು. ಹೊಲದ ಬದುವಿನ ಸೊಪ್ಪೆಲ್ಲ ಅವಳಿಗೆ ಒಡಹುಟ್ಟು.

“ಕರಿಯಮ್ಮ, ಸುಮ್ಮನೆ ಕೇಳುತ್ತೇನೆ, ಇದು ಯಾವ ಗಿಡದ ಎಲೆ?”

ಕರಿಯಮ್ಮ ಕರ್ಚೀಫಿನೊಳಗೆ ನೋಡಿದಳು. ಅವಳ ಮುಖವೆಲ್ಲ ನಗೆಯಾಯಿತು. ಬಾಯಿ ತೆರೆದಳು. ತೆರೆದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡಳು.

“ಯೋಳ್ಕೂಡ್ದು ಮೇಷ್ಟ್ರೇ. ನಿಮ್ಮನೆ ಬೀಬಮ್ಮೋರು ಮಾತು ತಕ್ಕಂಡವ್ರೆ.”

“ಏನೆಂದು?”

“ನೀವು ಬಂದು ಕೇಳ್ತೀರಿ, ನಾನು ಬಾಯಿ ಬುಡಕೂಡ್ದು ಅಂತ. ನಂಗೊಬ್ಳಿಗೇ ಅಲ್ಲ ಕಣ್ ಸಾಮಿ, ಆಲಿನ ಮೂಗಮ್ಮಂಗೂ ಯೋಳವ್ರೆ, ತರಕಾರಿ ಸಿವರಾಮಂಗೂ ಯೋಳವ್ರೆ. ಆದ್ರೂವೆ ಒಂದು ಮಾತು: ಚೆಂದಾಗಿ ಬೆಳ್ಸಿದ್ದೀರಿ. ಇಂತಾದ್ದು ನನ್ನ ಕುಕ್ಕೇಲೂ ಇಲ್ಲ!”

ಅಂದರೆ ಏನಾಯಿತು? ಇಡೀ ಬೀದಿಗೆ ಉತ್ತರ ಗೊತ್ತಿದೆ. ಗೊತ್ತಿಲ್ಲದವನು ಪರೀಕ್ಷೆಗೆ ಕುಳಿತ ನಾನೊಬ್ಬನೇ. ಇಷ್ಟು ಕಟ್ಟುನಿಟ್ಟಾಗಿ ಯಾವ ಪಬ್ಲಿಕ್ ಪರೀಕ್ಷೆಯೂ ನಡೆದದ್ದನ್ನು ನಾನು ಕಂಡಿಲ್ಲ.

ಶನಿವಾರ ಬಂದೇ ಬಂದಿತು. ಗಿಡದಲ್ಲಿ ಮೊಗ್ಗಿನ ಗುರುತೂ ಇಲ್ಲ. ನಾನು ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು, ಟೋಪಿಯನ್ನು ಸರಿಮಾಡಿಕೊಂಡು, ಕೈಯಲ್ಲಿ ಹಳೆಯ ಕೋಲು ಹಿಡಿದು ತಾರಸಿಯಲ್ಲಿ ನಿಂತೆ. (ತೋರಿಸಲಿಕ್ಕೆ ಮಾತ್ರ; ಆ ಕೋಲಿನಿಂದ ನಾನು ಯಾರನ್ನೂ ಹೊಡೆದವನಲ್ಲ.) ಮೂವತ್ತೆಂಟು ಮಕ್ಕಳು ಮೆಟ್ಟಿಲು ಹತ್ತಿ ಬಂದರು. ಹಿಂದೆ ಮಾದೇಶ, ಕಂಕುಳಲ್ಲಿ ಬಟ್ಟೆ ಸುತ್ತಿದ ದಪ್ಪನೆಯ ಗಂಟೊಂದನ್ನು ಹಿಡಿದುಕೊಂಡು ಬಂದ. ಕಡೆಗೆ ಕುಲ್ಸುಂ ಬಂದು ನೀರಿನ ತೊಟ್ಟಿಯ ನೆರಳಿನಲ್ಲಿ ನಿಂತಳು.

ಮೊದಲ ಇಪ್ಪತ್ತಾರು ಡಬ್ಬಗಳು ನನ್ನ ದಿಗ್ವಿಜಯ ಯಾತ್ರೆ. ಮಕ್ಕಳು ಮುಟ್ಟಿದರು, ನಾನು ಹೇಳಿದೆ, ಕೇಳಿದರು, ಹೇಳಿದೆ. ತುಂಬೆಯ ಹೂವನ್ನು ಕಿತ್ತು ಬುಡದ ಸಿಹಿಯನ್ನು ಚೀಪಿಸಿದೆ. ನೆಲನೆಲ್ಲಿಯ ಎಲೆಯನ್ನು ಮಗುಚಿ ಕೆಳಗೆ ಸಾಲಾಗಿ ಕುಳಿತ ಕಾಯಿಗಳನ್ನು ತೋರಿಸಿದೆ. ಜೇಕನ್ನು ಕಿತ್ತು ಗಡ್ಡೆಯನ್ನು ಮೂಸಿಸಿದೆ. ಮಕ್ಕಳು ‘ಆಹಾ’ ಎನ್ನುತ್ತಿದ್ದರು, ಮಾದೇಶ ‘ನಮ್ಮ ಸಾರ್’ ಎನ್ನುತ್ತಿದ್ದ. ಅಷ್ಟು ಹೊತ್ತು ನನಗೆ ವಯಸ್ಸು ನಲವತ್ತು.

ಆಮೇಲೆ ಪವಿತ್ರ ಎಂಬ ಎರಡು ಜಡೆಯ ಹುಡುಗಿ ಮೀನಿನ ಡಬ್ಬದ ಮುಂದೆ ನಿಂತಳು.

“ಸಾರ್, ಇದು?”

ಗಂಟಲನ್ನು ಸರಿಮಾಡಿಕೊಂಡೆ. ಕೋಲಿನಿಂದ ಕಾಂಡವನ್ನು ತೋರಿಸಿದೆ. “ನೋಡಿ ಮಕ್ಕಳೇ, ಕಾಂಡ ನೆಟ್ಟಗಿದೆ. ಎಲೆ ಈಟಿಯ ಆಕಾರದಲ್ಲಿದೆ. ಎಲೆಗಳು ಎದುರುಬದುರಾಗಿಲ್ಲ, ಒಂದಾದ ಮೇಲೊಂದು ಇವೆ. ಇದು ದ್ವಿದಳ ಸಸ್ಯ...”

“ಯೆಸ್ರು ಸಾರ್?”

“ಹೆಸರು...” ತೊಟ್ಟಿಯ ನೆರಳಿನಲ್ಲಿ ಬಳೆಯ ಸದ್ದಾಯಿತು. “ಬಹಳ ಒಳ್ಳೆಯ ಪ್ರಶ್ನೆ. ಎಲ್ಲರೂ ಸೋಮವಾರ ಇದನ್ನು ಬರೆದುಕೊಂಡು ಬನ್ನಿ.”

ಮಾದೇಶ ತಲೆ ಕೆರೆದುಕೊಂಡ. ಅವನ ಮುಖದಲ್ಲಿ ಮೂವತ್ತು ವರ್ಷ ಹಳೆಯದೇನೋ ಬೆಳಗಿತು. “ಸಾರ್,” ಎಂದ ಮೆಲ್ಲಗೆ, “ನಮ್ಗೂ ಇಂಗೇ ಬರ್ಕಂಡು ಬನ್ನಿ ಅಂತಿದ್ರಿ. ಅವಾಗೆಲ್ಲ...?”

“ಅವಾಗೆಲ್ಲ ಬೇರೆ” ಎಂದೆ.

“ಸಾರ್, ನಂಗೊತ್ತು, ನಮ್ಮವ್ವ ದಿನಾ...” ಎಂದು ಪವಿತ್ರ ಶುರುಮಾಡಿದಳು. ಅವಳ ಹಿಂದೆ ಇನ್ನೂ ಹತ್ತು ಕೈಗಳು ಎದ್ದವು. “ಹೇಳಬೇಡಿ!” ಎಂದು ಕೋಲನ್ನು ಎತ್ತಿದೆ. ಹತ್ತು ಕೈಗಳೂ ಇಳಿದವು. ಇಳಿಸಿದ್ದೇ ತಪ್ಪಾಯಿತು. ಮಕ್ಕಳು ಹೇಳಿದ್ದರೆ ‘ಶಭಾಷ್, ಸರಿಯಾದ ಉತ್ತರ’ ಎಂದು ತಲೆಯಾಡಿಸಿ ಮುಂದಿನ ಡಬ್ಬಕ್ಕೆ ನಡೆದುಬಿಡಬಹುದಾಗಿತ್ತು. ಆದರೆ ಈಗ ಮಾದೇಶನಿಗೆ ಒಂದು ಉಪಾಯ ಹೊಳೆದಿತ್ತು.

“ಮಕ್ಳೇ, ಇಲ್ಲಿ ನೋಡಿ!” ಎಂದು ಕಂಕುಳಿನ ಗಂಟನ್ನು ಬಿಚ್ಚಿದ. “ಸಾರ್ ಕೆಲಸ್ದಲ್ಲಿದ್ದಾಗ ಒಣಗಿಸಿ ಅಂಟ್ಸಿದ ಗಿಡದ ಆಲ್ಬಮ್ಮು. ಇವತ್ತಿಗೂ ನಮ್ಮ ಲ್ಯಾಬಲ್ಲಿ ಮಡಗಿವ್ನಿ. ಸಾರ್‌ಗೆ ಗೊತ್ತಿಲ್ದೆ ಇರೋದು ಏನೂ ಇಲ್ಲ, ನಿಮ್ಮನ್ನ ಪರೀಕ್ಸೆ ಮಾಡ್ತಾವ್ರೆ. ಇದ್ರಲ್ಲಿ ನೋಡಿ ನೀವೇ ಗುರ್ತಿಡೀರಿ.”

ನನ್ನ ಮರ್ಯಾದೆಯನ್ನು ಉಳಿಸಲು ಅವನು ಮಾಡಿದ ಉಪಾಯ ಅದು. ನನ್ನ ಕಣ್ಣು ತುಂಬಿತು. ಮಕ್ಕಳು ಹಾಳೆಗಳನ್ನು ತಿರುವಿದರು. ಹದಿನೆಂಟನೆಯ ಹಾಳೆಯಲ್ಲಿ ಪವಿತ್ರಳ ಬೆರಳು ನಿಂತಿತು. ಎಡಗಡೆ ಒಣಗಿದ ಎಳೆಯ ಸಸಿ, ಬಲಗಡೆ ಬೆಳ್ಳಿಬಣ್ಣದ ತೆನೆಯಂತಹ ಹೂ ಬಿಟ್ಟ ದೊಡ್ಡ ಗಿಡ. ಹೂ ಕಂಡ ತಕ್ಷಣ ನನಗೆ ಹೆಸರು ಹೊಳೆಯಿತು, ಅಯ್ಯೋ, ಇದೇ! ಬಾಯಿ ತೆರೆಯುವಷ್ಟರಲ್ಲಿ ಪವಿತ್ರ ಕೆಳಗಿನ ಬರಹವನ್ನು ಪಠ್ಯಪುಸ್ತಕ ಓದುವ ದನಿಯಲ್ಲಿ ಓದತೊಡಗಿದ್ದಳು. ದುಂಡಗಿನ ಅಕ್ಷರ, ಒತ್ತು ದೀರ್ಘಗಳೆಲ್ಲ ಸರಿಯಾಗಿದ್ದ ಬರಹ. ನನ್ನದೇ.

“ಊರಿನಲ್ಲಿ ಕರೆಯುವ ಹೆಸರು: ಅಣ್ಣೆ ಸೊಪ್ಪು. ಶಾಸ್ತ್ರೀಯ ಹೆಸರು: ಸಿಲೋಸಿಯ ಅರ್ಜೆಂಟಿಯ. ಸಿಕ್ಕಿದ ಸ್ಥಳ: ಕುದೇರು, ರಾಗಿ ಹೊಲದ ಬದು. ಕಿತ್ತು ತಂದವರು: ಕುಲ್ಸುಂ ಬಿ. ಹೆಸರು ಹೇಳಿದವರು: ಕುಲ್ಸುಂ ಬಿ. ಉಪಯೋಗ: ಎಳೆಯದಾಗಿದ್ದಾಗ ಬಸ್ಸಾರಿಗೆ ಶ್ರೇಷ್ಠ. ನಿನ್ನೆ ಎರಡು ಸಲ ಹಾಕಿಸಿಕೊಂಡೆ.”

ಮೂವತ್ತೆಂಟು ಮಕ್ಕಳು ಒಟ್ಟಿಗೆ ನಕ್ಕರೆ ತಾರಸಿಯ ಬೆಕ್ಕುಗಳು ಎಲ್ಲಿಗೆ ಹಾರುತ್ತವೆ ಎಂಬುದನ್ನು ಅಂದು ಕಂಡೆ.

ವಿಜ್ಞಾನದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದ ಯುವ ಮೇಷ್ಟ್ರು ಅಂದು ಇದ್ದದ್ದನ್ನು ಇದ್ದ ಹಾಗೆಯೇ ಬರೆದಿದ್ದ. ಮದುವೆಯಾದ ಹೊಸತು. ಪೇಟೆಯಲ್ಲಿ ಹುಟ್ಟಿದ ನನಗೆ ಹೊಲದ ಗಿಡಗಳು ಪುಸ್ತಕದ ಚಿತ್ರಗಳಷ್ಟೆ. ರಜೆಯಲ್ಲಿ ಅವಳ ಊರಿಗೆ ಹೋದಾಗ ಅವಳು ಮುಂದೆ, ನಾನು ಹಳೆಯ ಪೇಪರಿನ ಕಟ್ಟು ಹಿಡಿದು ಹಿಂದೆ. ಅವಳು ಕಿತ್ತು ಹೆಸರು ಹೇಳುವುದು, ನಾನು ಮನೆಗೆ ಬಂದು ಪುಸ್ತಕದಲ್ಲಿ ಹುಡುಕಿ ಲ್ಯಾಟಿನ್ ಹೆಸರನ್ನು ಅದಕ್ಕೆ ಅಂಟಿಸುವುದು. ಆಮೇಲೆ ಮೂವತ್ತಮೂರು ವರ್ಷ ಆ ಒಣಗಿದ ಹಾಳೆಗಳನ್ನೇ ತೋರಿಸಿ ಪಾಠ ಮಾಡಿದೆ. ಲ್ಯಾಟಿನ್ ಉಳಿಯಿತು, ಹೂವೂ ನೆನಪಿನಲ್ಲಿ ಉಳಿಯಿತು. ಹಸಿ ಎಲೆ ಮಾತ್ರ ಮರೆತುಹೋಯಿತು. ಹೇಳಿಕೊಟ್ಟವಳೂ ಮರೆತುಹೋಗಿದ್ದಳು.

ಮಕ್ಕಳು ಬಿಡಬೇಕಲ್ಲ! ಹಾಳೆ ತಿರುವಿದರು. ಗಣಿಕೆ ಸೊಪ್ಪು, ಹೆಸರು ಹೇಳಿದವರು: ಕುಲ್ಸುಂ ಬಿ. ಗೋಣಿ ಸೊಪ್ಪು: ಕುಲ್ಸುಂ ಬಿ. ಹೊನಗೊನ್ನೆ: ಕುಲ್ಸುಂ ಬಿ. ಹಾಜರಿ ಕೂಗಿದಂತೆ ಎಲ್ಲರೂ ಸೇರಿ ಓದತೊಡಗಿದರು. ಅರವತ್ತೆರಡು ಹಾಳೆಗಳಲ್ಲಿ ನಲವತ್ತೊಂಬತ್ತಕ್ಕೆ ಒಂದೇ ಹೆಸರು.

“ಸಾರ್,” ಎಂದ ಮಾದೇಶ, ಪೆನ್ಸಿಲ್ ಕಡಿಯುವ ಕಾಲದ ಅದೇ ಮುಗ್ಧ ಮುಖದಲ್ಲಿ, “ಅಂಗಾರೆ ನಮ್ಗೆ ಪಾಠ ಮಾಡಿದ್ದು ನೀವಾ, ಅಮ್ಮಾರಾ?”

ನನ್ನ ಎದೆ ಒಂದು ಅಂಗುಲ ಉಬ್ಬಿತು, ಮುಖ ಒಂದು ಗೇಣು ಇಳಿಯಿತು. ಎರಡೂ ಒಟ್ಟಿಗೆ ಆಗುವುದು ಸಾಧ್ಯವೆಂದು ಅದುವರೆಗೆ ನನಗೂ ತಿಳಿದಿರಲಿಲ್ಲ.

ಕುಲ್ಸುಂ ನೆರಳಿನಿಂದ ಹೊರಗೆ ಬಂದು ಹಾಳೆಯನ್ನು ನೋಡಿದಳು. ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. “ಇದನ್ನೆಲ್ಲ ಬರೆದಿದ್ದಿರಾ? ನನಗೆ ಹೇಳಲೇ ಇಲ್ಲವಲ್ಲ” ಎಂದಳು, ಗುಲ್ಕನ್ನಿನ ಉರ್ದುವಿನಲ್ಲಿ. ನಾನು ಕರಗಿ, ಪಂದ್ಯ ಮರೆತಳು, ಬದುಕಿದೆ ಎಂದುಕೊಂಡೆ. ಮರುಕ್ಷಣವೇ ಅವಳು ಕುದೇರಿಗೆ ಇಳಿದಳು.

“ಆದ್ರೂ ಮಾತು ಅಂದ್ರೆ ಮಾತೇ. ಯೆಸ್ರು ನೀವಾಗಿ ಯೋಳ್ನಿಲ್ಲ, ಕಾಗ್ದ ಯೋಳ್ತು. ಕೆಳ್ಗೆ ನಿಂಬೆಹಣ್ಣು ಕುಯ್ದು ಮಡಗಿವ್ನಿ. ಓಗಿ, ನಲವತ್ತು ಲೋಟ ಸರಬತ್ತು ಮಾಡ್ಕಂಡು ಬನ್ನಿ. ಸಕ್ರೆ ನೀಲಿ ಡಬ್ಬದಲ್ಲಿ ಅದೆ. ಇಲ್ಲಿಂದ ಮುಂದಿನ ಡಬ್ಬ ನಾನು ತೋರಿಸ್ತೀನಿ.”

ರಾಜ್ಯ ಹೋಯಿತು. ಕೋಲನ್ನು ಅವಳ ಕೈಗೆ ಕೊಟ್ಟು ಕೆಳಗಿಳಿದೆ. (ಆ ಕೋಲಿನಿಂದ ಅವಳು ಮೊದಲು ಮಾಡಿದ ಕೆಲಸ, ಬೆಕ್ಕನ್ನು ಓಡಿಸಿದ್ದು.) ನಿಂಬೆಹಣ್ಣು ಹಿಂಡುತ್ತ ಹಿಂಡುತ್ತ ಮೇಲಿನ ದನಿಗೆ ಕಿವಿಗೊಟ್ಟೆ. ಅವಳ ಕನ್ನಡ ಮೆಟ್ಟಿಲಿಳಿದು ಅಡುಗೆಮನೆಯವರೆಗೂ ಬರುತ್ತಿತ್ತು.

“ನಿಮ್ಮ ಸಾರ್ ಊ ನೋಡಿ ಗುರ್ತಿಡೀತಾರೆ. ಅದು ಅವ್ರ ಸಾಸ್ತ್ರ, ತಪ್ಪಲ್ಲ. ನಾವು ಊ ಬುಡಕೆ ಮುಂಚೇನೇ ಗುರ್ತಿಡೀಬೇಕು. ಊ ಬುಟ್ಮೇಲೆ ಸೊಪ್ಪು ಬಲ್ತೋಯ್ತದೆ, ಸಾರಿಗೆ ಆಗಕಿಲ್ಲ. ತುದಿ ಇಂಗೆ ಉಗುರಲ್ಲಿ ಚಿವುಟ್ರಿ. ಟಕ್ ಅಂತ ಮುರೀತಾ? ಎಳೇದು. ನಾರು ಬತ್ತಾ? ಬುಟ್ಬುಡಿ, ಬೀಜಕ್ಕಿರಲಿ. ಮುಟ್ಟಿ ಮುಟ್ಟಿ, ಎಲ್ರೂ ಮುಟ್ಟಿ, ಎದ್ರಬ್ಯಾಡಿ!”

ನನ್ನ ತರಗತಿಯಲ್ಲಿ ‘ಮುಟ್ಟಬೇಡಿ, ಉದುರಿಹೋಗುತ್ತದೆ’ ಎನ್ನುತ್ತಿದ್ದೆ. ನಿಂಬೆಯ ರಸ ಕಣ್ಣಿಗೆ ಹಾರಿತು. ರಸವೇ, ಬೇರೇನೂ ಅಲ್ಲ.

ದೊಡ್ಡ ತಟ್ಟೆಯಲ್ಲಿ ಮೊದಲ ಹನ್ನೆರಡು ಲೋಟಗಳನ್ನು ಹೊತ್ತು ಮೇಲಕ್ಕೆ ಬಂದಾಗ ಮಕ್ಕಳೆಲ್ಲ ಮೂವತ್ತನಾಲ್ಕನೇ ಡಬ್ಬವನ್ನು ಮುತ್ತಿಕೊಂಡಿದ್ದರು. ಅದು ಮೈಸೂರಿನ ನರ್ಸರಿಯಿಂದ ತಂದ ಗುಲಾಬಿಯ ಕುಂಡ. ಗುಲಾಬಿಯ ಬುಡದಲ್ಲಿ ನೀರಿನಂತೆ ತಿಳಿಯಾದ ಕಾಂಡದ, ಹೃದಯದಾಕಾರದ ಎಲೆಯ ಪುಟ್ಟ ಕಳೆಯೊಂದು ನರ್ಸರಿಯ ಮಣ್ಣಿನ ಜೊತೆ ಬಂದು ನೆಲೆಸಿತ್ತು.

“ಮಿಸ್, ಇದೇನು?” ಎಂದಳು ಪವಿತ್ರ. (ನಾನು ಕೆಳಗಿಳಿದು ಬರುವಷ್ಟರಲ್ಲಿ ಕುಲ್ಸುಂ ‘ಮಿಸ್’ ಆಗಿಬಿಟ್ಟಿದ್ದಳು!)

ಕುಲ್ಸುಂ ಬಗ್ಗಿ ನೋಡಿದಳು. ಮೂಸಿದಳು. ಚಿವುಟಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಹೊತ್ತೆಷ್ಟಾಯಿತೆಂದು ಹೇಳುವಷ್ಟು ಸುಲಭವಾಗಿ, ನಗುತ್ತ ಹೇಳಿದಳು:

“ಇದು ನಂಗೊತ್ತಿಲ್ಲ ಕಣಮ್ಮಿ.”

ಆಕಾಶ ಬೀಳಲಿಲ್ಲ. ಮಕ್ಕಳು ನಗಲೂ ಇಲ್ಲ. ಬದಲಿಗೆ ಮೂವತ್ತೆಂಟು ತಲೆಗಳೂ ಒಂದೇ ಸಲ ಕುಂಡದ ಮೇಲೆ ಬಾಗಿದವು. ಒಬ್ಬಳು ಎಲೆ ಎಣಿಸಿದಳು, ಒಬ್ಬ ಬೇರು ನೋಡಿದ, ಇನ್ನೊಬ್ಬ ಎಲೆಯನ್ನು ಬೆಳಕಿಗೆ ಹಿಡಿದ. ಮೂವತ್ತಮೂರು ವರ್ಷದಲ್ಲಿ ಒಂದು ಗಿಡವನ್ನು ಮಕ್ಕಳು ಇಷ್ಟು ಹತ್ತಿರದಿಂದ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆ ಹೆಂಗಸು ನನ್ನ ಹೆಂಡತಿ ಎಂದು ಬೀದಿಗೆ ಕೇಳುವಂತೆ ಕೂಗಿ ಹೇಳಬೇಕೆನಿಸಿತು.

ಅದಕ್ಕಿಂತಲೂ ಹೆಚ್ಚಾಗಿ ಬೇರೊಂದನ್ನು ಕೂಗಿ ಹೇಳಬೇಕೆನಿಸಿತು. ಏಕೆಂದರೆ ಆ ಗಿಡ ನನಗೆ ಗೊತ್ತಿತ್ತು! ಹೆಸರು, ಕುಟುಂಬ, ಹೂವಿನ ವಿವರ, ಎಲ್ಲವೂ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ತಟ್ಟೆಯನ್ನು ಎಡಗೈಯ ಮೇಲೆ ಸರಿದೂಗಿಸಿಕೊಂಡು ಬಲಗೈಯನ್ನು ಎತ್ತಿದೆ.

“ಮಿಸ್, ಸಾರ್ ಕೈ ಎತ್ತವ್ರೆ” ಎಂದಿತು ಒಂದು ಮಗು.

ಕುಲ್ಸುಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. “ಇರ್ಲಿ, ಎತ್ಕಂಡಿರ್ಲಿ. ಮೊದ್ಲು ಮಕ್ಳು ನೋಡ್ಕಳ್ಳಿ.”

ತಟ್ಟೆಯಲ್ಲಿ ಹನ್ನೆರಡು ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಮಾದೇಶ ಬಂದು ತಟ್ಟೆಯನ್ನು ಇಸಿದುಕೊಂಡ. ನಾನು ಕೈಯನ್ನು ಇಳಿಸಲಿಲ್ಲ, ಎಡಗೈಯಿಂದ ಬಲಗೈಗೆ ಊರುಗೋಲು ಕೊಟ್ಟು ನಿಂತೆ. ಅಷ್ಟೂ ವರ್ಷ ಎಷ್ಟು ಮಕ್ಕಳನ್ನು ಹೀಗೆ ಕೈ ಎತ್ತಿಸಿ ನಿಲ್ಲಿಸಿದ್ದೆನೋ! ಎತ್ತಿದ ಕೈ ಇಷ್ಟು ನೋಯುತ್ತದೆಂದು ಒಂದು ಮಗುವೂ ನನಗೆ ಹೇಳಿರಲಿಲ್ಲ.